ಕೋವಿ ಕಂಪನಿಯಿಂದ ರೀಕಾಲ್ ಪತ್ರ ಬಂದರೆ ಏನು ಮಾಡಬೇಕು

ನಾನು ಹುಟ್ಟಿ ಬೆಳೆದದ್ದು ವಿರಾಜಪೇಟೆ ಹತ್ತಿರದ ಕಾಫಿ ತೋಟದ ಮನೆಯಲ್ಲಿ. ಈಗ ಸಂಸಾರ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಮನೆಯಲ್ಲಿ ಕೋವಿ ಇರುವುದು ಎರಡೂ ಕಡೆ ಅಪರೂಪದ ಸಂಗತಿಯಲ್ಲ. ಇಲ್ಲಿ ನಮ್ಮ ಯಜಮಾನರ ಹತ್ತಿರ ಜಿಂಕೆ ಬೇಟೆಗೆ ಒಂದು ಬೋಲ್ಟ್ ರೈಫಲ್ ಇದೆ, ನನ್ನ ಹತ್ತಿರ ಗುರಿ ಅಭ್ಯಾಸಕ್ಕೆ ಒಂದು ಪಿಸ್ತೂಲು ಇದೆ. ಎರಡೂ ಬೇರೆ ಬೇರೆ ವರ್ಷಗಳಲ್ಲಿ ರೀಕಾಲ್ ಆಗಿ (ಅಂದರೆ ದೋಷ ಇರಬಹುದು ಎಂದು ಕಂಪನಿಯೇ ವಾಪಸ್ ಕರೆದು), ಕಂಪನಿಗೆ ಹೋಗಿ, ರಿಪೇರಿಯಾಗಿ ವಾಪಸ್ ಬಂದಿವೆ. ಕಾಗದ ಪತ್ರ, ಫೋನು, ಪಾರ್ಸೆಲ್ ಎಲ್ಲ ನೋಡಿಕೊಂಡದ್ದು ನಾನೇ. ಆಮೇಲೆ ನಮ್ಮ ಕನ್ನಡ ಕೂಟದಲ್ಲಿ ಯಾರಿಗಾದರೂ ಇಂಥ ಪತ್ರ ಬಂದರೆ ನನಗೆ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಒಂದೇ. ಕೋವಿ ಬಳಸುವುದನ್ನು ಅವತ್ತೇ ನಿಲ್ಲಿಸಿ. ವಾರಾಂತ್ಯಕ್ಕೆ ರೇಂಜ್‌ಗೆ ಹೋಗುವ ಮಾತಾಗಿದ್ದರೂ, ಬೇಟೆ ಸೀಸನ್ ಎದುರಿಗೇ ಇದ್ದರೂ ನಿಲ್ಲಿಸಿ. ತೋಟಾ ತುಂಬಿಟ್ಟಿದ್ದರೆ ತೆಗೆಯಬೇಕು. ತೆಗೆಯುವಾಗ ನಳಿಗೆಯ ಬಾಯಿ ಯಾವ ಕಡೆ ಇದೆ ಎನ್ನುವುದರ ಮೇಲೆ ಪೂರ್ತಿ ಗಮನವಿರಲಿ. ಗೋಡೆಯ ಆಚೆ ಯಾರಿದ್ದಾರೆ ಎಂದು ಯೋಚಿಸಿ. ಇದನ್ನು ಸುಮ್ನೆ ಹೇಳುತ್ತಿಲ್ಲ. 2000ನೇ ಇಸವಿಯಲ್ಲಿ ಮೊಂಟಾನಾದಲ್ಲಿ ಬೇಟೆ ಮುಗಿಸಿ ಬಂದ ಒಂದು ಕುಟುಂಬದಲ್ಲಿ, ತಾಯಿ ರೆಮಿಂಗ್ಟನ್ 700 ರೈಫಲ್‌ನಿಂದ ತೋಟಾ ತೆಗೆಯಲು ಸೇಫ್ಟಿ (ಗುಂಡು ಹಾರದಂತೆ ತಡೆಯುವ ಗುಂಡಿ) ಸರಿಸಿದರು. ಗುಂಡು ಹಾರಿತು. ಕುದುರೆ ಸಾಗಿಸುವ ಟ್ರೇಲರ್‌ನ ಆಚೆ ಇದ್ದ ಒಂಬತ್ತು ವರ್ಷದ ಮಗ ತೀರಿಕೊಂಡ. ಟ್ರಿಗರ್ ಮೇಲೆ ಬೆರಳು ಇರಲಿಲ್ಲ ಎಂದು ಆಕೆ ಹೇಳಿದರು. ಆ ಹಳೆಯ ಮಾದರಿಯಲ್ಲಿ ಸೇಫ್ಟಿ ಹಾಕಿದರೆ ಬೋಲ್ಟ್ (ತೋಟಾ ಹಾಕಲು, ತೆಗೆಯಲು ಕೈಯಿಂದ ಹಿಂದಕ್ಕೆ ಎಳೆಯುವ ಭಾಗ) ತೆರೆಯುತ್ತಿರಲಿಲ್ಲ, ತೋಟಾ ತೆಗೆಯಬೇಕಾದರೆ ಸೇಫ್ಟಿ ಬಿಡಿಸಲೇಬೇಕಿತ್ತು. 1982ರಿಂದ ಕಂಪನಿ ಆ ವ್ಯವಸ್ಥೆಯನ್ನು ಬದಲಿಸಿತು. ಅದಕ್ಕೂ ಮೊದಲು ಮಾರಿದ್ದ ರೈಫಲ್‌ಗಳನ್ನು ತಂದುಕೊಟ್ಟರೆ ಬದಲಿಸಿಕೊಡುತ್ತೇವೆ ಎಂಬ ಯೋಜನೆ ಬಂದದ್ದು 2002ರಲ್ಲಿ. ಅಷ್ಟರಲ್ಲಿ ಆ ಹುಡುಗ ಹೋಗಿ ಎರಡು ವರ್ಷವಾಗಿತ್ತು.

ತೋಟಾ ತೆಗೆಯುವುದೇ ಅಪಾಯ ಎಂದು ಪತ್ರದಲ್ಲಿ ಬರೆದಿದ್ದರೆ ನೀವು ಕೈ ಹಾಕಲು ಹೋಗಬೇಡಿ. ಕಂಪನಿಗೆ ಫೋನ್ ಮಾಡಿ, ಅವರು ಹೇಳಿದ ಕ್ರಮದಲ್ಲೇ ಮಾಡಿ. ಖಾಲಿ ಮಾಡಿದ ಮೇಲೆ ಲಾಕರ್‌ನಲ್ಲಿಟ್ಟು, “ಬಳಸಬಾರದು” ಎಂದು ಒಂದು ಚೀಟಿ ಕಟ್ಟಿ. ಲಾಕರ್‌ನ ಬೀಗದ ಸಂಖ್ಯೆ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದ್ದರೆ ಅವರಿಗೂ ಹೇಳಿ.

ಮಾತು ಇಲ್ಲಿಗೆ ಬಂದಾಗ ಜಾಸ್ತಿ ಜನ ಕೇಳುವ ಪ್ರಶ್ನೆಯೊಂದಿದೆ. “ಅಕ್ಕಾ, ನನ್ನದು ಚೆನ್ನಾಗೇ ಇದೆ. ಎಷ್ಟು ವರ್ಷದಿಂದ ಹೊಡೀತಾ ಇದೀನಿ, ಒಂದು ಸಲವೂ ತೊಂದರೆ ಕೊಟ್ಟಿಲ್ಲ. ಕಳಿಸಲೇಬೇಕಾ?” ಕಳಿಸಲೇಬೇಕು. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಡೀ ಕೆಲಸ ನಿಂತಿರುವುದು ಈ ಒಂದು ತಿಳಿವಳಿಕೆಯ ಮೇಲೆ.

2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಯಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ, ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ಎಲ್ಲ ರೈಫಲ್‌ಗಳೂ ಅದರಲ್ಲಿ ಸೇರಿದ್ದವು. ಕಾರಣ ಏನು ಗೊತ್ತಾ? ಟ್ರಿಗರ್ ಜೋಡಿಸುವಾಗ ಹಾಕುವ ಅಂಟು. ಕೆಲವಕ್ಕೆ ಅದು ಜಾಸ್ತಿ ಬಿದ್ದಿರಬಹುದು, ಅದರಿಂದ ಕೋವಿ ತಾನಾಗಿ ಹಾರಬಹುದು ಎಂದು ಕಂಪನಿಯೇ ಹೇಳಿತು. ಅಂಟು ಹೊರಗೆ ಕಾಣುವುದಿಲ್ಲ. ನೂರು ಸಲ ಸರಿಯಾಗಿ ನಡೆದದ್ದು ಇನ್ನೊಂದು ಸಲ ನಡೆಯದೆ ಹೋಗಬಹುದು. 2020ರಲ್ಲಿ ಸ್ಮಿತ್ ಅಂಡ್ ವೆಸನ್ ತನ್ನ ಶೀಲ್ಡ್ ಈಜಿ ಪಿಸ್ತೂಲುಗಳನ್ನು ಕರೆದಾಗಲೂ ಹೀಗೆಯೇ. ಆ ವರ್ಷ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಯಾರಾದವುಗಳಲ್ಲಿ ಕೆಲವಕ್ಕೆ ಅಳತೆ ತಪ್ಪಿದ ಹ್ಯಾಮರ್ (ಟ್ರಿಗರ್ ಎಳೆದಾಗ ಬಡಿದು ತೋಟಾ ಸಿಡಿಸುವ ಭಾಗ) ಕೂತಿತ್ತು. ಅದು ಮುರಿದರೆ ಟ್ರಿಗರ್ ಎಳೆಯದೆ ಮತ್ತೊಂದು ಗುಂಡು ಹಾರಬಹುದಿತ್ತು. ಮುರಿಯುವ ಕ್ಷಣದವರೆಗೂ ಆ ಪಿಸ್ತೂಲು ಚೆನ್ನಾಗೇ ಇರುತ್ತದೆ, ಅಲ್ವಾ?

ನಮ್ಮ ಕೊಡಗಿನವರನ್ನು ಒಪ್ಪಿಸುವುದು ಇನ್ನೂ ಕಷ್ಟ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರು) ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ ಒರೆಸಿ, ತೋಕ್ ಪೂ (ಕೋವಿ ಹೂ) ಇಟ್ಟು ಆಯುಧ ಪೂಜೆ ಮಾಡುವ ಮನೆಗಳಲ್ಲಿ ಬೆಳೆದವರು ನಾವು. ಕೋವಿ ನಮಗೆ ಹೊಸದಲ್ಲ ಎಂಬ ಧೈರ್ಯ ಇರುವುದು ಸಹಜ. ಆದರೆ ನಮ್ಮಜ್ಜನ ಜೋಡಿ ನಳಿಗೆ ಕೋವಿಯಲ್ಲಿ ಹ್ಯಾಮರ್ ಹೊರಗೇ ಕಾಣುತ್ತಿತ್ತು. ಎತ್ತಿದೆಯೋ ಇಳಿದಿದೆಯೋ ದೂರದಿಂದಲೇ ಗೊತ್ತಾಗುತ್ತಿತ್ತು. ಈಗಿನ ರೈಫಲ್‌ನ ಟ್ರಿಗರ್ ಒಳಗೆ ಉಗುರಿನ ದಪ್ಪಕ್ಕಿಂತ ಕಡಿಮೆ ಲೋಹ ಒಂದರ ಮೇಲೊಂದು ಆನಿಕೊಂಡು ಕೂತಿರುತ್ತದೆ. ಅನುಭವ ಎಷ್ಟೇ ಇದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿ ನೀವೇ ತಟ್ಟಿ, ಬೀಳಿಸಿ, ಸೇಫ್ಟಿ ಎಳೆದಾಡಿ ಪರೀಕ್ಷೆ ಮಾಡುವುದು ಖಂಡಿತ ಬೇಡ.

ಇನ್ನೂ ಒಂದು ವಿಷಯ ತಿಳಿದಿರಲಿ. ಅಮೆರಿಕದಲ್ಲಿ ಆಟಿಕೆ, ಟೋಸ್ಟರ್, ತೊಟ್ಟಿಲು ಇವುಗಳಲ್ಲಿ ದೋಷವಿದ್ದರೆ ವಾಪಸ್ ಕರೆಸಲು ಗ್ರಾಹಕ ವಸ್ತು ಸುರಕ್ಷತಾ ಆಯೋಗ ಇದೆ. 1972ರಲ್ಲಿ ಅದನ್ನು ಹುಟ್ಟುಹಾಕಿದ ಕಾಯ್ದೆಯೇ ಕೋವಿಗಳನ್ನು ಹೊರಗಿಟ್ಟಿತು. 1976ರ ತಿದ್ದುಪಡಿ ಆ ಬಾಗಿಲನ್ನು ಇನ್ನೂ ಬಿಗಿಯಾಗಿ ಮುಚ್ಚಿತು. ಹಾಗಾಗಿ ಕೋವಿಯ ರೀಕಾಲ್ ಎಂದರೆ ಕಂಪನಿ ತಾನಾಗಿ ಮಾಡುವುದು, ಇಲ್ಲವೇ ಕೋರ್ಟಿನ ಒತ್ತಡಕ್ಕೆ ಮಾಡುವುದು. ನಿಮ್ಮ ಪರವಾಗಿ ಬೆನ್ನು ಹತ್ತುವ ಸರ್ಕಾರಿ ಅಧಿಕಾರಿ ಇಲ್ಲ. ಪತ್ರ ನೋಡಿ ಪಕ್ಕಕ್ಕಿಟ್ಟರೆ ಮತ್ತೆ ಯಾರೂ ನೆನಪಿಸುವುದಿಲ್ಲ. ಕಂಪನಿಗಳು ಇದನ್ನು ಬೇರೆ ಬೇರೆ ಹೆಸರಿನಲ್ಲಿ ಕರೆಯುವುದೂ ಉಂಟು. 2017ರಲ್ಲಿ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು ಕೆಳಗೆ ಬಿದ್ದರೆ ಹಾರಬಹುದು ಎಂಬುದು ಪರೀಕ್ಷೆಗಳಲ್ಲಿ ಹೊರಬಿತ್ತು. ಆಗ ಕಂಪನಿ ಕೊಟ್ಟದ್ದು “ಸ್ವಯಂಪ್ರೇರಿತ ಅಪ್‌ಗ್ರೇಡ್” ಎಂಬ ಹೆಸರಿನ ಉಚಿತ ಸೇವೆ. ಹೆಸರು ಏನೇ ಇರಲಿ, ತಾನಾಗಿ ಹಾರುವ ಮಾತು ಅದರಲ್ಲಿದ್ದರೆ ರೀಕಾಲ್ ಎಂದೇ ತಿಳಿದು ನಡೆಯಿರಿ.

ಸೀರಿಯಲ್ ನಂಬರ್ ನೋಡುವುದು

ಪತ್ರ ಬರುವುದು ಕೋವಿ ಕೊಂಡಾಗ ವಾರಂಟಿ ಕಾರ್ಡ್ ಕಳಿಸಿದವರಿಗೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ, ಮಾವನಿಂದಲೋ ನೆರೆಯವರಿಂದಲೋ ಪಡೆದವರಿಗೆ ಏನೂ ಬರುವುದಿಲ್ಲ. ಇಂಥವರು ತಾವೇ ಹುಡುಕಬೇಕು. ಕಂಪನಿಯ ಹೆಸರನ್ನು ನೀವೇ ಟೈಪ್ ಮಾಡಿ ಅವರ ಸೈಟಿಗೆ ಹೋಗಿ. ಬೇರೆಯವರು ಕಳಿಸಿದ ಲಿಂಕ್ ಒತ್ತಬೇಡಿ. ಸುರಕ್ಷತಾ ಸೂಚನೆಗಳ ಪುಟದಲ್ಲಿ ಸೀರಿಯಲ್ ನಂಬರ್ ಹಾಕಿದರೆ ನಿಮ್ಮದು ಸೇರಿದೆಯೋ ಇಲ್ಲವೋ ಹೇಳುತ್ತದೆ. ಅಕ್ಷರ ‘ಓ’ ಮತ್ತು ಸೊನ್ನೆ, ‘ಐ’ ಮತ್ತು ಒಂದು, ಇವುಗಳಲ್ಲಿ ಗೊಂದಲ ಆಗುತ್ತದೆ. ಟಾರ್ಚ್ ಹಿಡಿದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಆ ಫೋಟೊ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಕೆಲವು ಸಲ ಕಣ್ಣಿಗೆ ಕಾಣುವ ಗುರುತೂ ಇರುತ್ತದೆ. 2014ರ ರೆಮಿಂಗ್ಟನ್ ರೀಕಾಲ್‌ನಲ್ಲಿ ಟ್ರಿಗರ್‌ನ ಮುಖ ನುಣುಪಾಗಿದ್ದರೆ ಸಂಶಯದ ಮಾದರಿ, ಗೀರು ಗೀರು ಇದ್ದರೆ ಅಲ್ಲ. ರೂಗರ್ ಮಾರ್ಕ್ 4 ಪಿಸ್ತೂಲು 2017ರ ಜೂನ್ 1ಕ್ಕಿಂತ ಮೊದಲು ತಯಾರಾಗಿದ್ದರೆ ರೀಕಾಲ್‌ನಲ್ಲಿ ಸೇರಿತ್ತು. ಸೇಫ್ಟಿ ಗುಂಡಿ ಅರ್ಧದಲ್ಲಿ ನಿಂತಿದ್ದಾಗ ಟ್ರಿಗರ್ ಎಳೆದರೆ, ಆಮೇಲೆ ಗುಂಡಿ ಸರಿಸುವಾಗ ಅದು ಹಾರುವ ಸಾಧ್ಯತೆ ಇತ್ತು. ಗುರುತು ಸಿಕ್ಕಿತು ಎಂದು ಅಷ್ಟಕ್ಕೇ ನಿಲ್ಲಿಸದೆ ನಂಬರ್ ಹಾಕಿಯೂ ನೋಡಿ.

ಹಳೆಯ ಕೋವಿ ಎಂದು ಕೈ ಬಿಡಬೇಡಿ. ರೂಗರ್ ಕಂಪನಿ 1953ರಿಂದ 1972ರವರೆಗೆ ಮಾಡಿದ, ಪ್ರತಿ ಸಲ ಹ್ಯಾಮರ್ ಕೈಯಿಂದ ಎತ್ತಿ ಹೊಡೆಯುವ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳಲ್ಲಿ, ಹ್ಯಾಮರ್ ಕೆಳಗೆ ತುಂಬಿದ ತೋಟಾ ಇದ್ದು ಕೆಳಗೆ ಬಿದ್ದರೆ ಹಾರುವ ಅಪಾಯವಿದೆ. 1973ರ ಹೊಸ ಮಾದರಿಯಲ್ಲಿ ಅದನ್ನು ಸರಿಮಾಡಿದರು. 1982ರಿಂದ ಹಳೆಯವುಗಳಿಗೂ ಹೊಸ ಸುರಕ್ಷತಾ ಭಾಗಗಳನ್ನು ಉಚಿತವಾಗಿ ಹಾಕಿಕೊಡುತ್ತಾ ಬಂದಿದ್ದಾರೆ, ಮೂಲ ಭಾಗಗಳನ್ನೂ ವಾಪಸ್ ಕೊಡುತ್ತಾರೆ. ನನಗೆ ಇದು ತುಂಬ ಮೆಚ್ಚುಗೆಯಾದ ಕ್ರಮ. ಹಳೆಯದನ್ನು ಹಾಗೇ ಇಟ್ಟುಕೊಳ್ಳಬೇಕು ಎನ್ನುವವರಿಗೂ ನೆಪ ಉಳಿಯುವುದಿಲ್ಲ.

ಫೋನ್ ಮಾಡುವಾಗ

ಸೈಟಿನಲ್ಲಿ ಹೆಸರು ನೋಂದಾಯಿಸಿದರೆ ಸಾಕು ಎಂದಿದ್ದರೂ ನಾನು ಒಂದು ಫೋನ್ ಮಾಡಿಸುತ್ತೇನೆ. ಕಾಗದ ಪೆನ್ನು ಇಟ್ಟುಕೊಂಡು ಕೂರಿ. ಯಾರ ಜೊತೆ ಮಾತಾಡಿದಿರಿ, ಯಾವ ದಿನ, ಅವರು ಕೊಟ್ಟ ಕೆಲಸದ ನಂಬರ್ ಏನು, ಎಲ್ಲ ಬರೆದುಕೊಳ್ಳಿ. ಕೇಳಬೇಕಾದದ್ದು ಇಷ್ಟು: ಯಾವ ಭಾಗ ಬದಲಿಸುತ್ತೀರಿ? ಪೆಟ್ಟಿಗೆ ನೀವೇ ಕಳಿಸುತ್ತೀರಾ, ಬರೀ ಲೇಬಲ್ಲಾ? ಹೋಗಿ ಬರುವ ಖರ್ಚು ಎರಡೂ ನಿಮ್ಮದೇ ಅಲ್ವಾ? ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಜೊತೆಗೆ ಕಳಿಸಬೇಕಾ, ಬೇಡವಾ? ಬೋಲ್ಟ್ ಹಾಕಿ ಕಳಿಸಬೇಕಾ, ಬಿಚ್ಚಿಯಾ? ಈಗ ಎಷ್ಟು ವಾರ ಹಿಡಿಯುತ್ತಿದೆ? ರಿಪೇರಿಯಾದ ಗುರುತು ಕೋವಿಯ ಮೇಲೆ ಎಲ್ಲಿ ಇರುತ್ತದೆ?

ಟ್ರಿಗರ್ ಬದಲಿಸಿ ಬೇರೆ ಕಂಪನಿಯದ್ದು ಹಾಕಿಸಿದ್ದರೆ ಮುಚ್ಚಿಡಬೇಡಿ, ಮೊದಲೇ ಹೇಳಿ. ಸಾಮಾನ್ಯವಾಗಿ ಮೂಲ ಭಾಗವನ್ನೇ ಹಾಕಿ ಕಳಿಸುತ್ತಾರೆ. ನಿಮ್ಮ ಭಾಗ ವಾಪಸ್ ಬರಬೇಕು ಎಂದು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ನಮ್ಮವರ ಹೆಸರಿನದ್ದೇ ಒಂದು ಕತೆ. ಮನೆ ಹೆಸರು ಮೊದಲು, ಅಪ್ಪನ ಹೆಸರು ಮಧ್ಯೆ, ಬ್ಯಾಂಕಿನಲ್ಲಿ ಒಂದು ಥರ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಥರ. ಕೋವಿ ವಾಪಸ್ ಬರುವಾಗ ದೊಡ್ಡವರು ಸಹಿ ಹಾಕಿ ತೆಗೆದುಕೊಳ್ಳಬೇಕು, ಗುರುತಿನ ಚೀಟಿ ಕೇಳುತ್ತಾರೆ. ಹಾಗಾಗಿ ಲೈಸೆನ್ಸಿನಲ್ಲಿ ಹೇಗಿದೆಯೋ ಹಾಗೇ ಒಂದೊಂದೇ ಅಕ್ಷರ ಹೇಳಿ ಬರೆಸಿ. ಮತ್ತೆ ಓದಿ ಹೇಳಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ನನ್ನ ಪಿಸ್ತೂಲಿನ ವಿಷಯದಲ್ಲಿ ಎಲ್ಲ ನೇರವಾಗಿ ನಡೆಯಿತು. ಒಳಗೆ ಫೋಮ್ ಇದ್ದ ಪೆಟ್ಟಿಗೆ ಬಂತು, ಅಂಟಿಸಿದ ಲೇಬಲ್ ಬಂತು. ಕೆಲವು ವಾರದಲ್ಲಿ ಪಿಸ್ತೂಲು ಮನೆಗೆ ಬಂತು, ಜೊತೆಗೆ ಒಂದು ಹೊಸ ಮ್ಯಾಗಜಿನ್ ಇಟ್ಟು ಕ್ಷಮೆ ಕೇಳಿದ ಪತ್ರವೂ ಇತ್ತು. ರೈಫಲ್ ಬೇರೆ ಕಂಪನಿಯದ್ದು, ಅದರ ಕತೆ ಬೇರೆ. ಒಬ್ಬರು ಪೆಟ್ಟಿಗೆ ಬರುತ್ತದೆ ಎಂದರು. ಬರಲಿಲ್ಲ. ಮತ್ತೆ ಫೋನ್ ಮಾಡಿದರೆ ಇನ್ನೊಬ್ಬರು, ನಾವು ಪೆಟ್ಟಿಗೆ ಕಳಿಸುವುದೇ ಇಲ್ಲ, ಲೇಬಲ್ ಮಾತ್ರ ಎಂದರು. ಮೂರನೆಯವರು ನಿಮ್ಮ ಹೆಸರೇ ನಮ್ಮಲ್ಲಿ ಇಲ್ಲ ಎಂದರು. ಇಂಥ ಹೊತ್ತಿನಲ್ಲಿ ದನಿ ಎತ್ತುವುದರಿಂದ ಕೆಲಸ ಆಗುವುದಿಲ್ಲ, ಬರೆದಿಟ್ಟದ್ದರಿಂದ ಆಗುತ್ತದೆ. ಇಂಥ ದಿನ, ಇಂಥವರು, ಈ ನಂಬರ್ ಕೊಟ್ಟರು ಎಂದು ಓದಿ ಹೇಳಿದೆ. ಮೇಲಿನವರಿಗೆ ಕೊಡಿ ಎಂದು ಕೇಳಿದೆ. ಅವತ್ತೇ ಸಂಜೆ ಅದನ್ನೆಲ್ಲ ಇಮೇಲ್‌ನಲ್ಲಿ ಕ್ರಮವಾಗಿ ಬರೆದು ಕಳಿಸಿದೆ. ಆಮೇಲೆ ಒಬ್ಬರೇ ನಮ್ಮ ಫೈಲ್ ನೋಡಿಕೊಂಡರು, ವಿಷಯ ಮುಂದೆ ಹೋಯಿತು. ಫೋನ್ ತೆಗೆಯುವ ಹುಡುಗ ಹುಡುಗಿಯರ ತಪ್ಪು ಇದರಲ್ಲಿ ಕಡಿಮೆ. ಸಾವಿರಾರು ಜನಕ್ಕೆ ನೋಟಿಸ್ ಕಳಿಸುವ ಕಂಪನಿ, ಫೋನ್ ತೆಗೆಯಲು ಸಾಕಷ್ಟು ಜನರನ್ನು ಕೂರಿಸಬೇಕು. ಅದು ಅವರ ಜವಾಬ್ದಾರಿ.

ಪ್ಯಾಕ್ ಮಾಡುವುದು, ಕಳಿಸುವುದು

ಹಗಲು ಹೊತ್ತಿನಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ ಮಾಡಿ. ಒಬ್ಬರು ಖಾಲಿ ಇದೆ ಎಂದು ನೋಡಲಿ, ಇನ್ನೊಬ್ಬರು ಮತ್ತೆ ನೋಡಲಿ. ಚೇಂಬರ್‌ಗೆ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗಕ್ಕೆ) ಬೆರಳು ಹಾಕಿ ಮುಟ್ಟಿ ನೋಡಿ. ಪೆಟ್ಟಿಗೆ ಇಟ್ಟ ಕೋಣೆಯಲ್ಲಿ ಒಂದೇ ಒಂದು ತೋಟಾ ಕೂಡ ಇರಬಾರದು. ಟೆಲಿಸ್ಕೋಪ್, ಪಟ್ಟಿ, ಬೈಪಾಡ್ ಎಲ್ಲ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಮರದ ಹಿಡಿಯ ಮೇಲೆ ಮೊದಲೇ ಇದ್ದ ಗೀರುಗಳ ಫೋಟೊ ತಪ್ಪದೆ ಇರಲಿ. ಒಳಗೆ ಹೆಸರು, ವಿಳಾಸ, ಫೋನ್, ಕೆಲಸದ ನಂಬರ್ ಬರೆದ ಕಾಗದ ಇಡಿ. ಪೆಟ್ಟಿಗೆ ಹೊರಗೆ ಕೋವಿ ಎಂದು ಗೊತ್ತಾಗುವ ಯಾವ ಬರಹವೂ ಬೇಡ.

ಅಮೆರಿಕದ ಕಾನೂನಿನಲ್ಲಿ ಮಾಲೀಕರು ರಿಪೇರಿಗೆ ಕೋವಿಯನ್ನು ನೇರವಾಗಿ ತಯಾರಕರಿಗೆ ಕಳಿಸಬಹುದು. ಅವರು ಅದೇ ಕೋವಿಯನ್ನೋ, ಅದೇ ಬಗೆಯ ಬದಲಿ ಕೋವಿಯನ್ನೋ ನೇರವಾಗಿ ನಿಮಗೇ ವಾಪಸ್ ಕಳಿಸಬಹುದು. ನಡುವೆ ಡೀಲರ್ ಬೇಕಾಗಿಲ್ಲ. ಬೇರೆ ಬಗೆಯದ್ದನ್ನು ಕೊಡುತ್ತೇವೆ ಎಂದರೆ ಮಾತ್ರ ಡೀಲರ್ ಅಂಗಡಿಗೆ ಹೋಗಿ, ಫಾರ್ಮ್ 4473 ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿಸಿ ತರಬೇಕು. ಕೆಲವು ರಾಜ್ಯಗಳ ನಿಯಮ ಇನ್ನೂ ಬಿಗಿಯಾಗಿದೆ, ನಿಮ್ಮ ರಾಜ್ಯದ್ದು ಕೇಳಿಕೊಳ್ಳಿ. ಅಂಚೆ ಕಚೇರಿಗೆ ತೆಗೆದುಕೊಂಡು ಹೋಗುವ ಯೋಚನೆ ಬೇಡ. ಸಾಮಾನ್ಯ ಜನ ಪಿಸ್ತೂಲನ್ನು ಅಂಚೆಯಲ್ಲಿ ಕಳಿಸಬಾರದು ಎಂದು 1927ರಲ್ಲೇ ಕಾಯ್ದೆ ಬಂತು. ಉದ್ದ ಕೋವಿಗೆ ನಿಯಮ ಬೇರೆ. ಕೊರಿಯರ್ ಕಂಪನಿಗಳೂ ತಮ್ಮ ನಿಯಮ ಬದಲಿಸುತ್ತಲೇ ಇರುತ್ತವೆ. ಕೋವಿ ಕಂಪನಿ ಕೊಟ್ಟ ಲೇಬಲ್ ಅಂಟಿಸಿ, ಅವರು ಹೇಳಿದ ಜಾಗಕ್ಕೇ ಕೊಟ್ಟು, ರಸೀದಿ ಪಡೆಯಿರಿ.

ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಒಂದು ಮುಖ್ಯ ಮಾತು. ಆ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವೇ ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಅದರಲ್ಲಿ ಒಂದು. ಕೋವಿ ರಿಪೇರಿಗೆ ಹೋಗಿದ್ದಾಗ ಲೈಸೆನ್ಸ್ ಮುಗಿದುಹೋದರೆ, ವಾಪಸ್ ತೆಗೆದುಕೊಳ್ಳುವ ಮೊದಲು ಹೊಸದು ಮಾಡಿಸಿ. ಸಂಶಯವಿದ್ದರೆ ವಕೀಲರನ್ನು ಕೇಳಿ, ಗೆಳೆಯರನ್ನಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕು ಇಲ್ಲ.

ಕಳಿಸುವ ಸಮಯವನ್ನೂ ನೋಡಿಕೊಳ್ಳಿ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋಗುವ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಶುರು. ಸೆಪ್ಟೆಂಬರ್ ಬಂತೆಂದರೆ ಎಲ್ಲರಿಗೂ ರೈಫಲ್ ನೆನಪಾಗುತ್ತದೆ, ಸರ್ವಿಸ್ ವಿಭಾಗದಲ್ಲಿ ಸಾಲು ಉದ್ದವಾಗುತ್ತದೆ. ಬೇಸಿಗೆಯಲ್ಲೇ ಕಳಿಸಿಬಿಡಿ. ಆದರೆ ಬೇಸಿಗೆ ರಜೆಗೆ ಊರಿಗೆ ಹೊರಟಿದ್ದರೆ ಬೇಡ. ನೀವು ಮಡಿಕೇರಿಯಲ್ಲಿ ಇರುವಾಗ ಕೋವಿ ನಿಮ್ಮ ಮನೆ ಬಾಗಿಲಿಗೆ ಬಂದು ವಾಪಸ್ ಹೋಗುವುದು ಯಾರಿಗೂ ಒಳ್ಳೆಯದಲ್ಲ. ಹಿಂದಿರುಗಿ ಬಂದ ಮೇಲೆ ಕಳಿಸಿ, ಅಲ್ಲಿಯವರೆಗೆ ಲಾಕರ್‌ನಲ್ಲೇ ಇರಲಿ.

ವಾಪಸ್ ಬಂದ ಮೇಲೆ

ರಿಪೇರಿಯಾಗಿ ಬಂದದ್ದು ಖಾಲಿಯೇ ಇರುತ್ತದೆ ಎಂದು ನಂಬಬೇಡಿ, ಪೆಟ್ಟಿಗೆ ತೆರೆದ ಕೂಡಲೇ ನೋಡಿ. ಸೀರಿಯಲ್ ನಂಬರ್ ನಿಮ್ಮದೇನಾ ನೋಡಿ. ಯಾವ ಭಾಗ ಬದಲಿಸಿದರು ಎಂಬ ಕಾಗದ ಇದೆಯಾ ನೋಡಿ. ಇಲ್ಲದಿದ್ದರೆ ಫೋನ್ ಮಾಡಿ ತರಿಸಿಕೊಳ್ಳಿ. ಕೈಪಿಡಿಯಲ್ಲಿ ಹೇಳಿದಂತೆ ಖಾಲಿ ಕೋವಿಯಲ್ಲೇ ಸೇಫ್ಟಿ ಮತ್ತು ಟ್ರಿಗರ್ ಕೆಲಸ ನೋಡಿ. ಆಮೇಲೆ ರೇಂಜ್‌ಗೆ ಹೋಗಿ ಮೊದಲ ಕೆಲವು ಸಲ ಒಂದೊಂದೇ ತೋಟಾ ಹಾಕಿ ಹೊಡೆಯಿರಿ. ಮ್ಯಾಗಜಿನ್ ಪೂರ್ತಿ ತುಂಬುವುದು ಆಮೇಲಿನ ಮಾತು. ಟೆಲಿಸ್ಕೋಪ್ ಬಿಚ್ಚಿ ಹಾಕಿರುತ್ತೀರಿ, ಗುರಿ ಖಂಡಿತ ತಪ್ಪಿರುತ್ತದೆ, ಮತ್ತೆ ಹೊಂದಿಸಬೇಕು. ಏನಾದರೂ ಅನುಮಾನ ಬಂದರೆ ಅಲ್ಲೇ ನಿಲ್ಲಿಸಿ, ಅದೇ ಕೆಲಸದ ನಂಬರ್ ಹೇಳಿ ಮತ್ತೆ ಕಳಿಸಿ. ನಮ್ಮ ರೈಫಲ್‌ನ ಟ್ರಿಗರ್ ಮೊದಲಿಗಿಂತ ಗಟ್ಟಿಯಾಗಿ ಬಂತು. ಯಜಮಾನರಿಗೆ ಬೇಜಾರಾಯಿತು. ನನಗೆ ಆಗಲಿಲ್ಲ.

ಕಂಪನಿ ಸರಿಯಾಗಿ ನಡೆದುಕೊಳ್ಳದಿದ್ದರೆ? ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಗ್ರಾಹಕರ ದೂರು ತೆಗೆದುಕೊಳ್ಳುವ ವಿಭಾಗ ಇರುತ್ತದೆ, ಅಲ್ಲಿ ಬರೆದು ಕೊಡಿ. ಯಾರಿಗಾದರೂ ಗಾಯವಾಗಿದ್ದರೆ ಕೋವಿಯನ್ನು ಕಂಪನಿಗೆ ಕಳಿಸುವ ಮೊದಲೇ ವಕೀಲರನ್ನು ಕಾಣಿ. ಒಮ್ಮೆ ಭಾಗ ಬದಲಿಸಿಬಿಟ್ಟರೆ ಸಾಕ್ಷಿ ಹೋಯಿತು.

ನಾಳೆ ಮಾಡೋಣ ಎಂದು ತಳ್ಳಿದರೆ ಬಾಗಿಲು ಮುಚ್ಚಿಹೋಗುವುದೂ ಇದೆ. ರೆಮಿಂಗ್ಟನ್ ಹಳೆಯ ಟ್ರಿಗರ್‌ಗಳ ಮೇಲೆ ನಡೆದ ದೊಡ್ಡ ಮೊಕದ್ದಮೆಯ ರಾಜಿಯಲ್ಲಿ ಸುಮಾರು 75 ಲಕ್ಷ ಕೋವಿಗಳು ಸೇರಿದ್ದವು. ಬಂದ ಅರ್ಜಿಗಳು ಎಷ್ಟು ಕಡಿಮೆ ಎಂದರೆ ನ್ಯಾಯಾಧೀಶರೇ ಅದರ ಬಗ್ಗೆ ಪ್ರಶ್ನೆ ಎತ್ತಿದರು. ಅರ್ಜಿಯ ಗಡುವು 2020ರಲ್ಲಿ ಮುಗಿಯಿತು. ಕಂಪನಿ 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿ ಕೊನೆಗೆ ಭಾಗ ಭಾಗವಾಗಿ ಮಾರಾಟವಾಯಿತು. ಅಂಥ ಕೋವಿ ಈಗ ನಿಮ್ಮ ಕೈಗೆ ಬಂದರೆ, ಒಳ್ಳೆಯ ಗನ್‌ಸ್ಮಿತ್ ಹತ್ತಿರ ನಿಮ್ಮ ಖರ್ಚಿನಲ್ಲಿ ಬೇರೆ ಟ್ರಿಗರ್ ಹಾಕಿಸಿ. ಅದನ್ನು ಹಾಕಿಸುವವರೆಗೆ ಬಳಸಬೇಡಿ.

ರೀಕಾಲ್‌ಗೆ ಸಂಬಂಧಪಟ್ಟ ಕಾಗದಗಳನ್ನೆಲ್ಲ ಕೋವಿಯ ಬಿಲ್ ಜೊತೆಗೇ ಇಡಿ. ಊರಿಗೆ ಮರಳುವಾಗಲೋ, ಹೊಸದು ಕೊಳ್ಳುವಾಗಲೋ ಮಾರುವುದಾದರೆ ಆ ಕಾಗದದ ಪ್ರತಿಯನ್ನು ಡೀಲರ್‌ಗೆ ಕೊಡಿ. ರೀಕಾಲ್ ಆಗಿಯೂ ರಿಪೇರಿಗೆ ಕಳಿಸದ ಕೋವಿಯನ್ನು ಯಾರಿಗೂ ಮಾರಬೇಡಿ, ಸುಮ್ನೆ ಕೊಡಲೂ ಬೇಡಿ. ಮೊದಲು ಕಂಪನಿಗೆ ಕಳಿಸಿ ಸರಿಮಾಡಿಸಿ.